ಕೂಟಾಂತರ ಮೀಮಾಂಸೆ: ಹಚ್ಚೊಳ್ಳಿಯನ್ನು ಪ್ರಮಾಣಬಿಂದುವಾಗಿಟ್ಟು

ಕಾಲೇಜೊಂದು ತಾನು ಆಡುತ್ತಿದ್ದ ಕ್ರೀಡಾಕೂಟ (ಅಮೆರಿಕದಲ್ಲಿ ಕಾನ್ಫರೆನ್ಸ್, ನಮ್ಮಲ್ಲಿ ಒಂದು ವಿಶ್ವವಿದ್ಯಾಲಯದಡಿಯ ಕಾಲೇಜುಗಳ ಗುಂಪು) ಬಿಟ್ಟು ಇನ್ನೊಂದರ ಪಾಲಾಗುವುದಕ್ಕೆ ಕೂಟಾಂತರವೆಂದು ಹೆಸರು. ಇದು ಎರಡು ವಿಧ: ಸ್ವಯಂಕೃತ ಮತ್ತು ರಾಜಪತ್ರಕೃತ. ಕಾಲೇಜು ತಾನಾಗಿಯೇ ಹೆಚ್ಚಿನ ಹಣದ ವಾಸನೆ ಹಿಡಿದು ಎದ್ದು ಹೋದರೆ ಮೊದಲನೆಯದು. ಕಾಲೇಜು ಇದ್ದಲ್ಲೇ ಇದ್ದು, ಗೋಡೆಯ ಸುಣ್ಣ ಕೂಡ ಬದಲಾಗದೆ, ಒಂದು ಬೆಳಿಗ್ಗೆ ಬೇರೆ ಕೂಟದಲ್ಲಿ ಕಣ್ಣು ಬಿಟ್ಟರೆ ಎರಡನೆಯದು. ಮೊದಲ ವಿಧ ಅಮೆರಿಕದಲ್ಲಿ ಹುಲುಸಾಗಿ ಬೆಳೆಯುತ್ತದೆ. ಎರಡನೆಯದರ ಕಲಬೆರಕೆಯಿಲ್ಲದ ಮಾದರಿ ಬಳ್ಳಾರಿ ಜಿಲ್ಲೆಯಲ್ಲಿದ್ದರೂ ವಿದ್ವಾಂಸರ ಗಮನಕ್ಕೆ ಬರಬೇಕಾದಷ್ಟು ಬಂದಿಲ್ಲ.

ಚಲನೆಯನ್ನು ಅಳೆಯಲು ಚಲಿಸದ ಬಿಂದು ಬೇಕು. ಅದಕ್ಕೆ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯನ್ನು ಆರಿಸಿಕೊಳ್ಳುವುದು ಯುಕ್ತ. ಹೋಬಳಿ ಕೇಂದ್ರ, ಭತ್ತದ ಸೀಮೆ, ಆಂಧ್ರದ ಗಡಿ ದೂರವಿಲ್ಲ. ಯಾವ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಇದುವರೆಗೆ ಅಲ್ಲಿಗೆ ಬಂದಿಲ್ಲ, ಬರುವ ಸೂಚನೆಯೂ ಇಲ್ಲ. ಆದ್ದರಿಂದ ಅದರ ಸಾಕ್ಷ್ಯಕ್ಕೆ ಪಕ್ಷಪಾತದ ದೋಷ ತಗಲುವುದಿಲ್ಲ.

ಬಳ್ಳಾರಿಯ ವೀರಶೈವ ಕಾಲೇಜು 1945ರಲ್ಲಿ ಆರಂಭವಾದಾಗ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕೂಟವೂ ಮದ್ರಾಸಿನದೇ. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿ ತಾಲ್ಲೂಕು ಯಾರದೆಂದು ತೀರ್ಮಾನಿಸಲು ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯೇ ಬೇಕಾಯಿತು. ಇತಿಹಾಸಕಾರರು ಇದನ್ನು ಭಾಷಾವಾರು ಪ್ರಾಂತ್ಯ ರಚನೆಯ ಅಧ್ಯಾಯದಲ್ಲಿ ಸೇರಿಸಿ ಮುಂದೆ ಹೋಗುತ್ತಾರೆ. ಕಬಡ್ಡಿಯ ದೃಷ್ಟಿಯಿಂದ ಅದರ ಪರಿಣಾಮವನ್ನು ಯಾರೂ ಪರಿಶೀಲಿಸಿಲ್ಲ. ಹಚ್ಚೊಳ್ಳಿಯ ಹುಡುಗನಿಗೆ ಆದೋನಿಯ ಹುಡುಗ ಅಂದಿನಿಂದ ಪರರಾಜ್ಯದ ಆಟಗಾರ. ಸಂತೆ ಒಂದೇ, ನೆಂಟಸ್ತಿಕೆ ಒಂದೇ, ಡ್ರಾ ಪಟ್ಟಿ ಮಾತ್ರ ಬೇರೆ.

ಮುಂದಿನ ಘಟ್ಟ ಧಾರವಾಡದ್ದು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷವೇ ಧಾರವಾಡಕ್ಕೆ ಗಂಟುಮೂಟೆ ಕಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಸ್ವತಃ ಸ್ಥಳಾಂತರದ ಅನುಭವವುಳ್ಳದ್ದು. 1980ರಲ್ಲಿ ಅದರ ಮೈಯಿಂದ ಗುಲಬರ್ಗಾ ವಿಶ್ವವಿದ್ಯಾಲಯವನ್ನು ಬೇರ್ಪಡಿಸಿದಾಗ ಅಲ್ಲಿಯವರೆಗೆ ಧಾರವಾಡದ ಅಡಿಯಲ್ಲಿದ್ದ ಬಳ್ಳಾರಿಯ ಕಾಲೇಜುಗಳು ಹೊಸದರ ಜೊತೆ ನಡೆದವು. 2010ರಲ್ಲಿ ಗುಲಬರ್ಗಾದಿಂದ ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳನ್ನು ಬಿಡಿಸಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ರಚನೆಯಾಯಿತು. ಕೊಪ್ಪಳಕ್ಕೆ 2023ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂತು. ಎರಡು ವರ್ಷ ಕಳೆಯುವುದರೊಳಗೆ, ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಹಣದ ಕೊರತೆಯಿಂದ ಮಾತೃ ವಿಶ್ವವಿದ್ಯಾಲಯಗಳಿಗೆ ಮರಳಿಸುವ ವಿಚಾರ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂತು. ಇಷ್ಟು ಕೂಟಾಂತರಗಳ ನಡುವೆ ಹಚ್ಚೊಳ್ಳಿ ಒಂದು ಗೇಣೂ ಅಲುಗಿಲ್ಲ. ಪ್ರಮಾಣಬಿಂದುವಿನ ಆಯ್ಕೆ ಸರಿಯೆಂಬುದಕ್ಕೆ ಇದು ಸಾಕ್ಷಿ.

ಇಲ್ಲಿಂದ ಮೊದಲ ಸೂತ್ರ ಸಿದ್ಧವಾಗುತ್ತದೆ: ಕೂಟದ ಹೆಸರಿಗೂ ಕೂಟದ ನೆಲೆಗೂ ಸಂಬಂಧವಿರಬೇಕಿಲ್ಲ. ಅಮೆರಿಕದ ಬಿಗ್ ಟೆನ್‌ನಲ್ಲಿ ಈಗ 18 ಸದಸ್ಯರು, ಬಿಗ್ ಟ್ವೆಲ್ವ್‌ನಲ್ಲಿ 16. ಅಟ್ಲಾಂಟಿಕ್ ಕರಾವಳಿಯ ಕೂಟದಲ್ಲಿ 2024ರಿಂದ ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಆಡುತ್ತಿವೆ. ಇದನ್ನು ಕಂಡು ನಗುವವರು 2021ರಲ್ಲಿ ವಿಜಯನಗರ ಪ್ರತ್ಯೇಕ ಜಿಲ್ಲೆಯಾದ ಮೇಲೂ ವಿಜಯನಗರದ ಹೆಸರಿನ ವಿಶ್ವವಿದ್ಯಾಲಯ ಬಳ್ಳಾರಿ ನಗರದಲ್ಲೇ ಇರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಗಡಿಯಾಚೆ ಅನಂತಪುರದಲ್ಲಿ 1981ರಿಂದ ಇನ್ನೊಂದು ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ, ಮತ್ತು ಎರಡೂ ದಕ್ಷಿಣ ವಲಯಕ್ಕೆ ಸೇರುತ್ತವೆ. ವಲಯದ ಡ್ರಾದಲ್ಲಿ ಇವೆರಡು ಎದುರಾದರೆ ಗೆದ್ದವರು ಯಾರೆಂಬ ಪ್ರಶ್ನೆಗೆ ಶ್ರೀಕೃಷ್ಣದೇವರಾಯ ಎಂಬ ಉತ್ತರ ಎಂದೂ ತಪ್ಪಾಗುವುದಿಲ್ಲ. ಸಾಮ್ರಾಟನಿಗೆ ಯುದ್ಧಭೂಮಿಯಲ್ಲಿ ಕೂಡ ಇಷ್ಟು ಖಚಿತ ಜಯ ಸಿಕ್ಕಿರಲಾರದು.

ರಾಜಪತ್ರಕೃತ ಕೂಟಾಂತರ ಉದ್ದಕ್ಕೆ ಮಾತ್ರವಲ್ಲ, ಅಡ್ಡಕ್ಕೂ ಸೀಳುತ್ತದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ವೈದ್ಯಕೀಯ ಕಾಲೇಜುಗಳು ಬೆಂಗಳೂರಿನ ಕೂಟಕ್ಕೆ ಹೋದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದು ಎಂಜಿನಿಯರಿಂಗ್‌ನವರು ಬೆಳಗಾವಿಯ ಕೂಟಕ್ಕೆ ಹೋದರು. 2009ರಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಹುಬ್ಬಳ್ಳಿ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರು ಊರಲ್ಲೇ ಉಳಿದರು. ಫಲಿತಾಂಶವಾಗಿ ಬಳ್ಳಾರಿ ನಗರದ ವೈದ್ಯಕೀಯ ವಿದ್ಯಾರ್ಥಿ, ಎಂಜಿನಿಯರಿಂಗ್ ವಿದ್ಯಾರ್ಥಿ ಮತ್ತು ಬಿ.ಕಾಂ. ವಿದ್ಯಾರ್ಥಿ ಒಂದೇ ಮೈದಾನದಲ್ಲಿ ಬೆಳಿಗ್ಗೆ ಅಭ್ಯಾಸ ಮಾಡಿ, ಒಂದೇ ಅಂಗಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದರೂ ಅಧಿಕೃತ ಪಂದ್ಯದಲ್ಲಿ ಊರೊಳಗೆ ಭೇಟಿಯಾಗುವಂತಿಲ್ಲ. ಮೂವರೂ ತಮ್ಮ ತಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಪಂದ್ಯಾವಳಿಗಾಗಿ ತಮಿಳುನಾಡಿನದೋ ಕೇರಳದದೋ ಊರಿಗೆ ರೈಲು ಹಿಡಿದರೆ, ಅಲ್ಲಿ ಮುಖಾಮುಖಿಯಾಗಬಹುದು. ಎದುರು ಬೀದಿಯವನ ಜೊತೆ ಆಡಲು ರಾಜ್ಯದ ಗಡಿ ದಾಟಬೇಕಾದ ಈ ವ್ಯವಸ್ಥೆಯನ್ನು ರೂಪಿಸಿದವರ ದೂರದೃಷ್ಟಿಯನ್ನು ಅಲ್ಲಗಳೆಯಲಾಗದು. ಜಿಲ್ಲೆಯ ಅತ್ಯಂತ ಸುಸಜ್ಜಿತ ತರಬೇತಿ ಕೇಂದ್ರ, ಅಂದರೆ 2018ರಲ್ಲಿ ತೋರಣಗಲ್ಲಿನ ಬಳಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್, ಈ ಯಾವ ಕೂಟದ ಗೊಡವೆಗೂ ಹೋಗದೆ ನೇರವಾಗಿ ಒಲಿಂಪಿಕ್ಸ್ ಕಡೆ ಮುಖ ಮಾಡಿದೆ. ಆದ್ದರಿಂದ ಅದು ಪ್ರಸ್ತುತ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಶಾಸ್ತ್ರಕ್ಕೊಂದು ಪೂರ್ವಪಕ್ಷ ಬೇಕು. ಅದನ್ನು ಅಮೆರಿಕ ಧಾರಾಳವಾಗಿ ಒದಗಿಸಿದೆ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು ತಮ್ಮ ಪಶ್ಚಿಮ ಕರಾವಳಿಯ ಕೂಟ ಬಿಟ್ಟು ಬಿಗ್ ಟೆನ್‌ಗೆ ಹೋಗುವುದಾಗಿ ಸಾರಿದವು. ಅದಾದ ಮೇಲೆ ಅಲ್ಲಿ ಟಿ.ವಿ. ಕಂಪನಿಗಳು ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೇಲ್ಪಟ್ಟ ಒಪ್ಪಂದ ಮಾಡಿಕೊಂಡವು. ಹೊಸ ಕೂಟದ ಒಬ್ಬ ಸದಸ್ಯನ ಊರು ನ್ಯೂಜೆರ್ಸಿಯಲ್ಲಿ, ಸುಮಾರು 4,000 ಕಿಲೋಮೀಟರ್ ದೂರ. ಇವೆರಡರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿ, ಹನ್ನೆರಡು ಸದಸ್ಯರ ಹಳೆಯ ಕೂಟದಲ್ಲಿ 2024ರಲ್ಲಿ ಎರಡೇ ಉಳಿದವು. ಎರಡು ಸದಸ್ಯರ ಕೂಟದಲ್ಲಿ ಪ್ರತಿ ಪಂದ್ಯವೂ ಫೈನಲ್. ಬಿಟ್ಟುಹೋದ ಎರಡರಲ್ಲಿ ಒಂದು, ರಾಜ್ಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆ, ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಗೆ ವರ್ಷಕ್ಕೆ 1 ಕೋಟಿ ಡಾಲರ್ ಕೊಡಬೇಕೆಂದು ಆಡಳಿತ ಮಂಡಳಿ ವಿಧಿಸಿತು; ಇಂಥದ್ದಕ್ಕೆ ಕೌಟುಂಬಿಕ ನ್ಯಾಯಾಲಯಗಳಲ್ಲಿ ಜೀವನಾಂಶವೆನ್ನುತ್ತಾರೆ. ಧಾರವಾಡವಾಗಲಿ ಕಲಬುರಗಿಯಾಗಲಿ ಬಳ್ಳಾರಿಯಿಂದ ಇದನ್ನು ಕೇಳಿದ ಪ್ರಸಂಗ ಶಾಸ್ತ್ರದಲ್ಲಿ ಬಂದಿಲ್ಲ.

ಇನ್ನು ಆದಾಯದ ಹಂಚಿಕೆ. ಅಮೆರಿಕದ ಕೂಟಗಳಲ್ಲಿ ಆದಾಯದ ಮೂಲ ಟಿ.ವಿ. ಹಚ್ಚೊಳ್ಳಿ ಸೀಮೆಯ ಕಾಲೇಜು ಕ್ರೀಡೆಯ ಪ್ರಸಾರ ಹಕ್ಕುಗಳು ಸದ್ಯಕ್ಕೆ ಗೆದ್ದ ತಂಡದವರ ವಾಟ್ಸಪ್ ಸ್ಟೇಟಸ್ಸಿಗೆ ಸೀಮಿತ, ಅದೂ 24 ಗಂಟೆಯ ಅವಧಿಗೆ. ಇಲ್ಲಿ ಆದಾಯದ ಮೂಲ ಪ್ರವೇಶದ ದಿನ ವಿದ್ಯಾರ್ಥಿ ಕಟ್ಟುವ ಕ್ರೀಡಾ ಶುಲ್ಕ. ಅದರಲ್ಲಿ ಒಂದು ಭಾಗ ಕಾಲೇಜಿನಲ್ಲಿ ಉಳಿಯುತ್ತದೆ, ಒಂದು ಭಾಗ ವಿಶ್ವವಿದ್ಯಾಲಯಕ್ಕೆ ಏರುತ್ತದೆ. ಏರಿದ ಹಣ ಅಂತರ ಕಾಲೇಜು ಪಂದ್ಯಾವಳಿಯ ಅನುದಾನವಾಗಿ, ಆಯ್ಕೆಯಾದವರ ಟ್ರ್ಯಾಕ್ ಸೂಟ್ ಆಗಿ, ಟಿ.ಎ., ಡಿ.ಎ. ಆಗಿ ಮತ್ತೆ ಇಳಿಯಬೇಕು. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತನಿಗೆ ಈ ಇಳಿಯುವ ಕ್ರಿಯೆಯನ್ನು ವಿವರಿಸಬೇಕಿಲ್ಲ. ಅಣೆಕಟ್ಟು ತುಂಬಿದ ಸುದ್ದಿ ಅವನಿಗೆ ಮೊದಲು ತಲುಪುತ್ತದೆ, ನೀರು ಆಮೇಲೆ.

ಹಂಚಿಕೆಯ ಕುರಿತು ಎರಡು ಪಕ್ಷಗಳಿವೆ. ದೊಡ್ಡ ಕಾಲೇಜಿನವರ ವಾದ: ಹೆಚ್ಚು ವಿದ್ಯಾರ್ಥಿಗಳಿರುವುದು ನಮ್ಮಲ್ಲಿ, ಹೆಚ್ಚು ಶುಲ್ಕ ಕಟ್ಟುವವರು ನಾವು, ನಮ್ಮ ಹಣದಲ್ಲಿ ಸಣ್ಣ ಕಾಲೇಜಿನವರು ಬಂದು ಊಟ ಮಾಡಿ ಕಪ್ ಒಯ್ಯುತ್ತಾರೆ. ಸಣ್ಣ ಕಾಲೇಜಿನವರ ವಾದ: ನಿಮ್ಮಲ್ಲಿ ಮೈದಾನವಿದೆ, ನಮ್ಮಲ್ಲಿರುವುದು ಆಟಗಾರರು ಮಾತ್ರ, ಬಸ್ ಚಾರ್ಜು ಯಾರು ಕೊಡಬೇಕು? ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ 2023ರ ಡಿಸೆಂಬರಿನಲ್ಲಿ ತನ್ನ ಕೂಟದ ಮೇಲೆ ಹೂಡಿದ ದಾವೆಯಲ್ಲಿ ಮೊದಲ ಪಕ್ಷವನ್ನೇ ಹಲವು ಪುಟಗಳಲ್ಲಿ ಬೆಳೆಸಿತು: ಜನ ನೋಡುವುದು ನಮ್ಮನ್ನು, ಪಾಲು ಮಾತ್ರ ಎಲ್ಲರಿಗೂ ಸಮ. 2025ರ ಮಾರ್ಚಿನಲ್ಲಿ ರಾಜಿಯಾಗಿ, ಆದಾಯದ ದೊಡ್ಡ ಭಾಗವನ್ನು ವೀಕ್ಷಕರ ಸಂಖ್ಯೆಯಂತೆ ಹಂಚುವುದೆಂದು ಒಪ್ಪಿಕೊಳ್ಳಲಾಯಿತು. ಈ ತತ್ವವನ್ನು ಸಿರುಗುಪ್ಪ ತಾಲ್ಲೂಕಿಗೆ ಅನ್ವಯಿಸಿದರೆ ಅತಿ ಹೆಚ್ಚು ಪಾಲು ಸಲ್ಲಬೇಕಾದ್ದು ಮೈದಾನದ ಪಕ್ಕದ ಬಸ್ ನಿಲ್ದಾಣಕ್ಕೆ.

ಆತಿಥೇಯ ಕಾಲೇಜಿನ ಸ್ಥಿತಿ ಪ್ರತ್ಯೇಕ ಅಧ್ಯಯನಕ್ಕೆ ತಕ್ಕದ್ದು. ಮೈದಾನಕ್ಕೆ ಸುಣ್ಣದ ಗೆರೆ, ತೀರ್ಪುಗಾರರ ಸಂಭಾವನೆ, ಶಾಮಿಯಾನ, ಅತಿಥಿಗಳಿಗೆ ಶಾಲು, ಎಲ್ಲರಿಗೂ ಪಲಾವ್. ಅನುದಾನ ಬರುವುದು ಲೆಕ್ಕಪತ್ರ ಸಲ್ಲಿಸಿದ ಮೇಲೆ. ಖರ್ಚಾಗುವುದು ಅದಕ್ಕೂ ಮುಂಚೆ. ಈ ನಡುವಿನ ಅವಧಿಯಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ಹಣಕಾಸನ್ನು ಹೊತ್ತು ನಿಲ್ಲುವುದು ದೈಹಿಕ ಶಿಕ್ಷಣ ನಿರ್ದೇಶಕರ ಸ್ವಂತ ಸಂಬಳ. ಇದನ್ನು ಯಾವ ಅರ್ಥಶಾಸ್ತ್ರಜ್ಞರೂ ಬಂಡವಾಳ ಹೂಡಿಕೆಯೆಂದು ಗುರುತಿಸಿಲ್ಲ. ಅವರ ಮನೆಯವರು ಬೇರೆ ಹೆಸರಿನಿಂದ ಗುರುತಿಸಿದ್ದಾರೆ.

ಕೊನೆಗೆ ಆಟಗಾರನ ಪಾಲು. ಅಮೆರಿಕದಲ್ಲಿ ಈ ಪ್ರಶ್ನೆ ಇತ್ಯರ್ಥವಾಗಲು ಬಹುಕಾಲ ಹಿಡಿಯಿತು. ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಲು 2021ರ ಜುಲೈನಲ್ಲಿ ಅನುಮತಿ ದೊರೆಯಿತು. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ರಾಜಿಯಂತೆ ಹಳೆಯ ಬಾಕಿಗೆ 280 ಕೋಟಿ ಡಾಲರ್, ಮತ್ತು ಆ ವರ್ಷದಿಂದ ಒಂದೊಂದು ಕಾಲೇಜು ತನ್ನ ಆಟಗಾರರಿಗೆ ಹಣ ಹಂಚಬಹುದು; ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹೀಗೆ ಹಂಚುವುದು ಕ್ರೀಡೆಯ ಪಾವಿತ್ರ್ಯಕ್ಕೆ ಧಕ್ಕೆಯೋ ಅಲ್ಲವೋ ಎಂಬ ಚರ್ಚೆ ಅಲ್ಲಿ ಇನ್ನೂ ನಡೆದಿದೆ.

ಹಚ್ಚೊಳ್ಳಿ ಸೀಮೆಯ ಜಾತ್ರೆ, ಹಬ್ಬಗಳ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳಲ್ಲಿ ಈ ಚರ್ಚೆ ಏಳುವುದಿಲ್ಲ, ಏಕೆಂದರೆ ಪಾಲು ಮೊದಲೇ ನಿಶ್ಚಯವಾಗಿರುತ್ತದೆ. ಕರಪತ್ರದಲ್ಲಿ ಪ್ರವೇಶ ಶುಲ್ಕ, ಪ್ರಥಮ, ದ್ವಿತೀಯ, ತೃತೀಯ ಬಹುಮಾನ, ಒಂದೊಂದರ ಕೆಳಗೂ ಕೊಡುವ ದಾನಿಯ ಹೆಸರು. ಕೊನೆಯ ಸಾಲಿನಲ್ಲಿ ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬ ಘೋಷಣೆ. ಇದು ಶಾಸ್ತ್ರದಲ್ಲಿ ಅತಿ ಹೆಚ್ಚು ಸಲ ಉಲ್ಲಂಘಿತವಾದ ವಾಕ್ಯ. ಇಲ್ಲಿ ಕಾಲೇಜಿನ ಆಟಗಾರ ಅತಿಥಿ ಆಟಗಾರನಾಗಿ ಅವತರಿಸುತ್ತಾನೆ. ಹಗಲು ವಿಶ್ವವಿದ್ಯಾಲಯದ ಜರ್ಸಿ, ರಾತ್ರಿ ಹೊನಲು ಬೆಳಕಿನಲ್ಲಿ ಯಾವುದೋ ಊರಿನ ಗೆಳೆಯರ ಬಳಗದ ಬನಿಯನ್. ಸ್ಥಳೀಯತೆಯ ಬಗ್ಗೆ ಎದುರು ತಂಡ ತಕರಾರು ತೆಗೆದರೆ ಆಧಾರ್ ಕಾರ್ಡ್ ಕೇಳುತ್ತಾರೆ. ಕಾರ್ಡ್ ಮನೆಯಲ್ಲಿದೆ ಎಂಬ ಉತ್ತರವನ್ನು ಮೊದಲ ಸುತ್ತಿನಲ್ಲಿ ಒಪ್ಪುವುದುಂಟು, ಸೆಮಿಫೈನಲ್‌ನಲ್ಲಿ ಇಲ್ಲ.

ಅತಿಥಿ ಆಟಗಾರನ ಸಂಭಾವನೆಗೆ ಮೂರು ಅಂಗಗಳು: ಹೋಗಿಬರುವ ಖರ್ಚು, ರಾತ್ರಿಯ ಊಟ, ಗೆದ್ದರೆ ಬಹುಮಾನದಲ್ಲಿ ಭಾಗ. ಮೊದಲೆರಡು ಸೋತರೂ ಸಲ್ಲುತ್ತವೆ. ಮೂರನೆಯದರಲ್ಲಿ ಊರಿನ ಆಟಗಾರರಿಗಿಂತ ಅತಿಥಿಗೆ ಹೆಚ್ಚು ಕೊಡಬೇಕೆಂದು ಒಂದು ಪಕ್ಷ. ಸಮ ಪಾಲೆಂದು ಇನ್ನೊಂದು. ಬಹುಮಾನದ ಹಣ ಗುಡಿಗೆ ಸಲ್ಲಬೇಕೆಂದು, ಅಂದು ಬೆಂಚಿನ ಮೇಲೆ ಕೂತಿದ್ದವರದು ಮೂರನೆಯ ಪಕ್ಷ. ಬಹುಮಾನ ಘೋಷಿಸಿದ ದಾನಿ ಫೈನಲ್‌ಗೆ ಬಾರದೆ ಹೋದಲ್ಲಿ ಮೂರೂ ಪಕ್ಷಗಳು ಒಂದಾಗಿ ಸಂಘಟಕರ ಕಡೆ ತಿರುಗುತ್ತವೆ. ಸಂಘಟಕರು ಆಗ ಮೈಕಿನಲ್ಲಿ, ಹಣ ನಾಳೆ ಬೆಳಿಗ್ಗೆ ಖಂಡಿತ ಸಿಗುತ್ತದೆ, ಕಪ್ ಈಗಲೇ ಒಯ್ಯಬಹುದು ಎಂದು ಪ್ರಕಟಿಸುತ್ತಾರೆ.