ಬಾಣಂತಿ ಕಾರು

ನಮ್ಮ ಸಿಂಧನೂರಿನಲ್ಲಿ ಯಾರಾದರೂ ಕಾರನ್ನು ನಿಧಾನ ಹೊಡೆಯುತ್ತಿದ್ದರೆ ಜನ ಎರಡೇ ಕಾರಣ ಊಹಿಸುತ್ತಾರೆ. ಡ್ರೈವಿಂಗ್ ಬರುವುದಿಲ್ಲ, ಇಲ್ಲವೇ ಪೆಟ್ರೋಲ್ ಮುಗಿಯುತ್ತ ಬಂದಿದೆ. ಇಂಜಿನ್ ಬೋರ್ ಮಾಡಿಸಿದ್ದಾನೆ ಪಾಪ ಎಂದು ಯಾರಿಗೂ ಹೊಳೆಯುವುದಿಲ್ಲ.

ನನ್ನ ಮಾರುತಿ 800 ನೀಲಿ ಹೊಗೆ ಬಿಡುತ್ತ, ಪೆಟ್ರೋಲಿನ ಜೊತೆ ಪೈಪೋಟಿಗೆ ಬಿದ್ದು ಆಯಿಲ್ ಕುಡಿಯತೊಡಗಿತ್ತು. ಇರುವುದೇ ಮೂರು ಸಿಲಿಂಡರ್, 796 ಸಿಸಿ. ಮೂರಕ್ಕೂ ಬೋರ್ ಆಯಿತು, ಓವರ್‌ಸೈಜ್ ಪಿಸ್ಟನ್, ಹೊಸ ರಿಂಗು, ಬೇರಿಂಗು ಬಿದ್ದವು. ಕೀಲಿ ಕೊಡುವಾಗ ಉಸ್ತಾದರು ದನಿ ತಗ್ಗಿಸಿದರು: “ಬಾಣಂತಿ ಐತ್ರಿ ಸರ ಇದು. ಸಾವಿರ ಕಿಲೋಮೀಟರ್ ತನಕ ಐವತ್ತರ ಮ್ಯಾಲ ಹೋಗಬ್ಯಾಡ್ರಿ. ಮಂದಿ ತುಂಬಬ್ಯಾಡ್ರಿ.” ಹಿಂದಿನ ಗಾಜಿಗೆ ‘ಇಂಜಿನ್ ರನ್ನಿಂಗ್‌ನಲ್ಲಿದೆ’ ಎಂಬ ಚೀಟಿಯನ್ನೂ ಅಂಟಿಸಿದರು.

ಆ ಚೀಟಿ ಓದಲು ಹತ್ತಿರ ಬಂದವರೆಲ್ಲ ಓದಿ ಮುಗಿಸುವ ಮೊದಲೇ ನನ್ನನ್ನು ಹಿಂದೆ ಹಾಕಿ ಹೋದರು. ಬಸ್ಸು, ಟಂಟಂ ಬಿಡಿ. ಭತ್ತದ ಚೀಲ ಹೇರಿಕೊಂಡು ಡಿಜೆ ಹಚ್ಚಿದ ಟ್ರ್ಯಾಕ್ಟರ್ ಕೂಡ ಸೈಡ್ ಹೊಡೆಯಿತು. ಚೀಲಗಳ ಮೇಲೆ ಅಂಗಾತ ಮಲಗಿದ್ದ ಹುಡುಗ ಎದ್ದು ಕೂತು, ಬಹಳ ಮರ್ಯಾದೆಯಿಂದ, “ಕಾಕಾ, ನೂಕಬೇಕೇನ್ರಿ?” ಎಂದು ಕೇಳಿದ.

ಅಸಲಿಗೆ ಹೊಸ ಬೋರಿಗೆ ಬೇಕಾದದ್ದು ಬರೀ ನಿಧಾನವಲ್ಲ. ಸಿಲಿಂಡರಿನ ಗೋಡೆಗೆ ಹೋನಿಂಗ್ ಕಲ್ಲಿನಿಂದ ಒಂದರ ಮೇಲೊಂದು ಹಾಯುವ ಸಣ್ಣ ಓರೆ ಗೆರೆ ಎಳೆದಿರುತ್ತಾರೆ. ಗೆರೆಯೊಳಗೆ ಆಯಿಲ್ ನಿಲ್ಲುತ್ತದೆ. ಗೆರೆಯ ಅಂಚಿಗೆ ಉಜ್ಜಿ ಉಜ್ಜಿ ರಿಂಗು ತನ್ನ ಜಾಗ ಹಿಡಿಯುತ್ತದೆ. ರಿಂಗನ್ನು ಗೋಡೆಗೆ ಒತ್ತುವುದು ಒಳಗೆ ಉರಿಯುವ ಗ್ಯಾಸು. ಆಕ್ಸಿಲರೇಟರಿಗೆ ಕಾಲು ಸೋಕಿಸದೆ ತೆವಳಿಸಿದರೆ ಆ ಒತ್ತಡವೇ ಇಲ್ಲ. ಗೋಡೆ ಗಾಜಿನ ಹಾಗೆ ನುಣುಪಾಗುತ್ತದೆ, ಆಯಿಲ್ ಕುಡಿಯುವ ಚಟ ಮರಳುತ್ತದೆ. ಅದಕ್ಕೇ ಏರಿಸುತ್ತಿರಬೇಕು, ಇಳಿಸುತ್ತಿರಬೇಕು. ಒಂದೇ ವೇಗ ಹಿಡಿದು ಕೂರಬಾರದು, ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಬಾರದು.

ಈ ಲೆಕ್ಕಕ್ಕೆ ಸಿಂಧನೂರು–ಮಸ್ಕಿ–ಲಿಂಗಸುಗೂರು ರಸ್ತೆಯಂಥದ್ದು ಜರ್ಮನಿಯಲ್ಲೂ ಸಿಗಲಿಕ್ಕಿಲ್ಲ. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ 150ಎ. ಐವತ್ತಕ್ಕೆ ಏರಿಸುವಷ್ಟರಲ್ಲಿ ಕುರಿ ಹಿಂಡು. ಅದು ದಾಟಿ, ಮತ್ತೆ ಏರಿಸಿದರೆ ಬಣ್ಣ ಕಾಣದ ಹಂಪು. ಆಮೇಲೆ ಅರ್ಧ ರಸ್ತೆಗೆ ಒಣಹಾಕಿದ ಭತ್ತ, ಅದರಂಚಿಗೆ ಕಾವಲಿಗಿಟ್ಟ ಕಲ್ಲುಗಳು. ತುಂಗಭದ್ರಾ ಎಡದಂಡೆ ಕಾಲುವೆಗೆ ಸರಿಯಾಗಿ ನೀರು ಬಂದ ವರ್ಷ ನಮ್ಮ ಕಡೆ ಪಿಸ್ಟನ್ ರಿಂಗುಗಳು ಇನ್ನೂ ಚೆನ್ನಾಗಿ ಕೂರುತ್ತವೆ ಎಂಬುದು ನನ್ನ ಸ್ವಂತ ಸಂಶೋಧನೆ.

ಮಸ್ಕಿಯಲ್ಲಿ ಇಂಜಿನ್ ಆರಲೆಂದು ನಿಲ್ಲಿಸುವುದು, ಆ ನೆಪದಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ. ಇಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು ಎಂದು ಚಕ್ರವರ್ತಿ ಅದರಲ್ಲಿ ಹೇಳುತ್ತಾನೆ. ಇದೇ ಶಾಸನದ ಬ್ರಹ್ಮಗಿರಿ ಪ್ರತಿಯಲ್ಲಿ, ಮೊದಲ ಒಂದು ವರ್ಷ ಅಷ್ಟೇನೂ ಜೋರು ಮಾಡಲಿಲ್ಲ ಎಂದೂ ಇದೆ. ಅಂಥವನಿಗೇ ರನ್ನಿಂಗ್ ಅಷ್ಟು ಹಿಡಿದಿರುವಾಗ 796 ಸಿಸಿಯ ಮೇಲೆ ಅವಸರ ಮಾಡುವುದು ಸರಿಯಲ್ಲ.

500 ಕಿಲೋಮೀಟರಿಗೆ ಮೊದಲ ಆಯಿಲ್ ಇಳಿಸಿದಾಗ ಉಸ್ತಾದರು ಒಂದು ಹನಿಯನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ತಿಕ್ಕಿ, ಬಿಸಿಲಿಗೆ ಹಿಡಿದರು. ಕಪ್ಪಿನೊಳಗೆ ಸಣ್ಣಗೆ ಲೋಹದ ಪುಡಿ ಮಿನುಗಿತು. “ರಿಂಗ್ ಕುಂದ್ರಾಕ ಹತ್ಯಾವ್ರಿ” ಎಂದು ಪ್ಯಾಂಟಿಗೆ ಒರೆಸಿಕೊಂಡರು.

ಬಾಣಂತನದ ದೊಡ್ಡ ಲಾಭವನ್ನು ಅವರೂ ಹೇಳಿರಲಿಲ್ಲ. ಯಾರೂ ಕಾರು ಕೇಳುವುದಿಲ್ಲ. ಲಿಂಗಸುಗೂರಿನ ನನ್ನ ಭಾಮೈದನಿಗೆ ಮದುವೆಗೂ ಇದೇ ಕಾರು ಬೇಕು, ಮುದಗಲ್ಲಿನ ಮೊಹರಂಗೂ ಇದೇ ಬೇಕು. “ಸಾವಿರ ಆಗಿಲ್ಲಪ್ಪ ಇನ್ನ” ಎಂದರೆ ಚೀಟಿ ನೋಡಿ ಸುಮ್ಮನಾಗುತ್ತಿದ್ದ. ಗಟ್ಟಿ ಗೋಂದಿನ ಚೀಟಿ; ಕಿತ್ತರೆ ಗಾಜು ಹಾಳಾದೀತೆಂದು ಹಾಗೇ ಬಿಟ್ಟಿದ್ದೇನೆ. ಮೊನ್ನೆ ಬಂದವನು ಚಹಾ ಕೂಡ ಮುಟ್ಟದೆ ಸೀದಾ ಕಾರಿನ ಬಾಗಿಲು ತೆಗೆದು ಮೀಟರಿಗೆ ಮುಖ ಹಚ್ಚಿದ.

“ಮಾಮಾ, ಇದು ಎಷ್ಟನೇ ಸಾವಿರ?”