ರಿಪೇರಿ ರಾಯರು

ಬೆಂಗಳೂರಿನ ಯಾವ ಬಡಾವಣೆಯ ಯಾವ ಅಡ್ಡರಸ್ತೆಗೆ ಹೋದರೂ ಒಬ್ಬರು ರಿಪೇರಿ ರಾಯರು ಸಿಕ್ಕೇ ಸಿಗುತ್ತಾರೆ. ನಮ್ಮ ರಸ್ತೆಯವರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಪಂಚೆ ಎತ್ತಿ ಕಟ್ಟಿ, ಬನಿಯನ್ನಿಗೆ ಟೆಸ್ಟರ್ ಸಿಕ್ಕಿಸಿಕೊಂಡು ಕಾಂಪೌಂಡಿನಲ್ಲಿ ಓಡಾಡುತ್ತಿದ್ದಾರೆಂದರೆ ಅವತ್ತು ಅವರ ಮನೆಯಲ್ಲಿ ನೀರೋ ಕರೆಂಟೋ, ಎರಡರಲ್ಲೊಂದು ಇಲ್ಲ ಎಂದೇ ತಿಳಿಯಬೇಕು. “ಪ್ಲಂಬರ್ ಬಂದು ನಲ್ಲಿ ಮುಟ್ಟಿದ್ದಕ್ಕೇ ಐನೂರು ಕೇಳ್ತಾನೆ ಕಣ್ರೀ” ಎನ್ನುವುದು ಅವರ ಸಿದ್ಧಾಂತ. ಆ ಐನೂರನ್ನು ಉಳಿಸಲು ಆಟೋ ಹಿಡಿದು ಎಸ್.ಪಿ. ರೋಡಿಗೆ ಹೋಗುತ್ತಾರೆ. ಅರ್ಧ ಇಂಚಿನ ಪೈಪಿಗೆ ಮುಕ್ಕಾಲು ಇಂಚಿನ ನಲ್ಲಿ ತರುತ್ತಾರೆ. ಬದಲಾಯಿಸಿಕೊಂಡು ಬರಲು ಮತ್ತೊಂದು ಆಟೋ.

ಅವರಿಗೆ ಏನೂ ಬರುವುದಿಲ್ಲ ಎಂದರೆ ನಾಲಗೆಗೆ ಹುಳ ಬಿದ್ದೀತು. ನಿಧಾನವಾಗಿ ತಿರುಗುತ್ತಿದ್ದ ನಮ್ಮ ಮನೆಯ ಫ್ಯಾನನ್ನು ನೋಡಿದ ಕೂಡಲೇ “ಕೆಪಾಸಿಟರ್ ಹೋಗಿದೆ” ಎಂದವರು ಅವರೇ. ಎರಡೂವರೆ ಮೈಕ್ರೋಫ್ಯಾರಡ್‌ನದೊಂದು ಪುಟ್ಟ ಡಬ್ಬಿ ತಂದು, ಮೇನ್ ಆಫ್ ಮಾಡಿ, ಎರಡು ವೈರು ಸುತ್ತಿ ಇಳಿದರು. ಫ್ಯಾನು ಮೇಜಿನ ಮೇಲಿದ್ದ ಪೇಪರನ್ನೆಲ್ಲ ಹಾರಿಸಿತು. ನಲ್ಲಿಯ ವಾಷರ್, ಕಮೋಡಿನ ಫ್ಲಷ್, ಕಿರುಗುಟ್ಟುವ ಬಾಗಿಲು ಇವೆಲ್ಲ ಅವರ ಕೈಗೆ ಮಣಿಯುತ್ತವೆ. ಕೆಡುಕಿನ ಮೂಲ ಈ ಯಶಸ್ಸೇ. ಕೆಪಾಸಿಟರ್ ಹಾಕಿದ ಕೈಗೆ ಮೇನ್ ಬೋರ್ಡ್ ಎಂದರೆ ಅದೂ ದೊಡ್ಡದೊಂದು ಫ್ಯಾನಿನ ಹಾಗೆ ಕಾಣತೊಡಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಯರು ಪರಮ ವಿನಯಿ. ಸ್ವಲ್ಪ ಗ್ಯಾಸ್ ವಾಸನೆ ಬಂದರೂ ರೆಗ್ಯುಲೇಟರ್ ತಿರುಗಿಸಿ, ಕಿಟಕಿ ತೆರೆದು, ಮನೆಯವರನ್ನೆಲ್ಲ ಬೀದಿಗೆ ಕಳಿಸಿ, 1906ಕ್ಕೆ ಫೋನ್ ಮಾಡುತ್ತಾರೆ. ಅಡುಗೆ ಅನಿಲಕ್ಕೆ ತನ್ನದೆನ್ನುವ ವಾಸನೆಯಿಲ್ಲ. ಸೋರಿದ್ದು ಮೂಗಿಗೆ ಗೊತ್ತಾಗಲಿ ಎಂದೇ ಅದಕ್ಕೆ ಮರ್‌ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸುತ್ತಾರೆ. ಕರೆಂಟಿಗೂ ಯಾರಾದರೂ ಹೀಗೊಂದು ನಾತ ಬೆರೆಸಿದ್ದರೆ ರಾಯರ ಮನೆಯ ಸ್ವಿಚ್ ಬೋರ್ಡುಗಳು ಇವತ್ತು ಇಷ್ಟು ಕರ್ರಗಿರುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರ ಗೀಸರ್ ಹಾಕಿದಾಗಲೆಲ್ಲ ಇಡೀ ಮನೆಯ ಕರೆಂಟು ಹೋಗತೊಡಗಿತು. ಗೋಡೆಯ ಡಬ್ಬಿಯೊಳಗಿನ ಇಎಲ್‌ಸಿಬಿ ಟ್ರಿಪ್ ಆಗುತ್ತಿತ್ತು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ತಾಳೆ ನೋಡುವುದು ಅದರ ಕೆಲಸ. ಮೂವತ್ತು ಮಿಲಿ ಆಂಪಿಯರ್ ಖೋತಾ ಬಂದರೆ, ಅದು ಯಾರದಾದರೂ ಮೈಯ ಮೂಲಕ ನೆಲಕ್ಕೆ ಇಳಿಯುತ್ತಿರಬಹುದೆಂದು, ತಕ್ಷಣ ಕಡಿದುಹಾಕುತ್ತದೆ. ಸಂಜೆಯ ಕ್ಯಾಶಿನಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಕ್ಯಾಷಿಯರನ್ನು ಮನೆಗೆ ಬಿಡುತ್ತಿರಲಿಲ್ಲ ಈ ರಾಯರು. ಅಂಥವರು ಈಗ, “ಇದಕ್ಕೆ ವಯಸ್ಸಾಗಿದೆ, ಸುಮ್ಮಸುಮ್ಮನೆ ಬೀಳತ್ತೆ” ಎಂದು ಅದನ್ನೇ ಬದಿಗಿಟ್ಟು ನೇರ ವೈರು ಎಳೆಯಲು ಸ್ಟೂಲ್ ಹತ್ತಿದರು. ಕಾಲಲ್ಲಿ ರಬ್ಬರ್ ಚಪ್ಪಲಿ, ಕೆಳಗೆ ಮರದ ಸ್ಟೂಲು. ಟೆಸ್ಟರ್ ಮಂಕಾಗಿ ಮಿಣುಕಿತು. “ನೋಡಿದ್ರಾ, ಕರೆಂಟೇ ಇಲ್ಲ” ಎಂದರು. ನಮ್ಮ ಮೈಯ ಮೂಲಕ ಭೂಮಿಗೆ ಚೂರು ಹರಿದರೇ ಆ ದೀಪ ಚೆನ್ನಾಗಿ ಉರಿಯುವುದು. ರಾಯರು ಭೂಮಿಯ ಸಂಬಂಧ ಕಡಿದುಕೊಂಡು ನಿಂತಿದ್ದರು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ರಾಯರ ಹೆಂಡತಿಯ ಮೊಬೈಲಿನಲ್ಲಿ ಎಲೆಕ್ಟ್ರಿಷಿಯನ್ನನ ನಂಬರು ‘ಹೂವಿನವನು’ ಎಂಬ ಹೆಸರಿನಲ್ಲಿದೆ. ಗಂಡ ಸ್ಕ್ರೂಡ್ರೈವರ್ ಹುಡುಕಲು ಎದ್ದರೆ ಸಾಕು, ಆಕೆ ಹೂವಿಗೆ ಹೇಳಿಬಿಡುತ್ತಾರೆ. ಬಂದವನು ಚಿಕ್ಕ ಹುಡುಗ. ಮೇನ್ ಆಫ್ ಮಾಡಿಸಿದ, ಡಬ್ಬಿಯೊಳಗೆ ಇಣುಕಿದ, ಈ ಕಸುಬಿನವರೆಲ್ಲ ಮೊಟ್ಟಮೊದಲು ಕೇಳುವುದನ್ನೇ ಕೇಳಿದ: “ಸಾರ್, ಇದಕ್ಕೆ ಯಾರು ಕೈ ಹಾಕಿದ್ದು?”

ರಾಯರು ಸೊಸೆಯ ಕಡೆ ನೋಡಿದರು. ಸೊಸೆ ಗೋಡೆಯ ಕಡೆ ನೋಡಿದಳು.

ಹುಡುಗ ಗೀಸರ್ ಬಿಚ್ಚಿ ಕಾಯಿಲ್ ಹೊರಗೆಳೆದ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಅದಕ್ಕೆ ಬೆರಳು ದಪ್ಪ ಕಟ್ಟಿತ್ತು, ಒಂದು ಕಡೆ ಮೇಲ್ಕವಚ ಸೀಳಿತ್ತು. ಕರೆಂಟು ಅಲ್ಲಿಂದ ನೀರಿಗಿಳಿಯುತ್ತಿತ್ತು. ಇಎಲ್‌ಸಿಬಿ ಇಷ್ಟು ದಿನ ಕೂಗಿಕೊಂಡದ್ದು ಇದನ್ನೇ. ರಾಯರು ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತು, “ನಾನೂ ಅದೇ ಅಂದ್ಕೊಂಡಿದ್ದೆ”, “ಆ ನಟ್ಟು ಇನ್ನೂ ಸ್ವಲ್ಪ ಟೈಟ್ ಮಾಡು”, “ಅರ್ತಿಂಗ್ ನೋಡಿದ್ಯಾ?” ಎಂದು ಮೇಲ್ವಿಚಾರಣೆ ಮಾಡಿದರು. ಹುಡುಗ ಪ್ರತಿಯೊಂದಕ್ಕೂ “ಹೂಂ ಸಾರ್” ಎನ್ನುತ್ತ ತನ್ನ ಪಾಡಿಗೆ ತಾನು ಕೆಲಸ ಮುಗಿಸಿದ.

ಕೂಲಿಯ ಚೌಕಾಸಿ ಮುಗಿದು ಕಾಫಿ ಬಂತು. ಹುಡುಗ ಸಂಕೋಚದಿಂದ ಬ್ಯಾಗಿನಿಂದ ಮಡಿಸಿದ ಕಾಗದಗಳನ್ನು ತೆಗೆದ. ಅಂಗಡಿ ಹಾಕಲು ಮುದ್ರಾ ಸಾಲಕ್ಕೆ ತಾನೇ ಅರ್ಜಿ ತುಂಬಿದ್ದನಂತೆ, ಬ್ಯಾಂಕಿನವರು ವಾಪಸ್ ಕಳಿಸಿದ್ದರಂತೆ. “ತುಂಬಿಸೋಕೆ ಒಬ್ಬರು ಐನೂರು ಕೇಳಿದ್ರು ಸಾರ್, ಯಾಕೆ ದಂಡ ಅಂತ...”

ರಾಯರು ಕನ್ನಡಕ ಏರಿಸಿದರು. ವಹಿವಾಟಿನ ಅಂಕಣದಲ್ಲಿ ವಿಳಾಸ, ವಿಳಾಸದ ಅಂಕಣದಲ್ಲಿ ಸಾಲದ ಮೊತ್ತ, ಅಡಿಯಲ್ಲಿ ಮೂರು ನಮೂನೆಯ ಸಹಿ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಅವರ ಮುಖ ಕೆಂಪೇರಿತ್ತು.

“ಇದಕ್ಕೆ ಯಾರಯ್ಯಾ ಕೈ ಹಾಕಿದ್ದು?”