ಸ್ವಲ್ಪ ಹಿಡ್ಕೊ, ಮಚ್ಚಾ

ಕೊಯಮತ್ತೂರಿಗೆ ಸಮುದ್ರವಿಲ್ಲ. ಇದು ಪ್ರೈಮರಿ ಸ್ಕೂಲಿನ ಮಕ್ಕಳಿಗೂ ಗೊತ್ತು. ಆದರೂ ಸಿಂಗಾನಲ್ಲೂರಿನ ನಮ್ಮ ಭಾವನವರ ಅಂಗಳದಲ್ಲಿ ಹದಿನೆಂಟು ಅಡಿ ಉದ್ದದ ದೋಣಿಯಿದೆ. ಅದು ಬಂದ ಮೇಲೆ ತುಳಸಿಕಟ್ಟೆ ಹಿತ್ತಲಿಗೆ ಹೋಯಿತು, ಸ್ಕೂಟರು ಬೀದಿಗೆ ಬಂತು.

ಭಾವನಂಥವರು ಊರಿಗೊಬ್ಬರಾದರೂ ಇರುತ್ತಾರೆ. ಹಳೆಯದು, ಅಗ್ಗದ್ದು, ಕೆಟ್ಟು ನಿಂತದ್ದು: ಈ ಮೂರು ಗುಣ ಒಂದೇ ವಸ್ತುವಿನಲ್ಲಿ ಕೂಡಿಬಂದರೆ ಅವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. "ಬಾಡಿ ಗಟ್ಟಿ ಇದೆ, ಸಣ್ಣ ಕೆಲಸ ಅಷ್ಟೆ" ಎಂಬುದು ಅವರ ಮೂಲಮಂತ್ರ. ಹೊಸ ವಸ್ತುಗಳ ಬಗ್ಗೆ ಅವರಿಗೆ ಮರುಕ. ಬಿಚ್ಚಿ ಜೋಡಿಸಿದ ಮೇಲೆ ಉಳಿಯುವ ಸ್ಕ್ರೂಗಳಿಗೆ ಅವರ ಮನೆಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ಇರುತ್ತದೆ, ಅದು ಸದಾ ತುಂಬಿರುತ್ತದೆ. ನಮ್ಮ ಭಾವನ ಶೆಡ್ಡಿನಲ್ಲಿ ಕಲ್ಲಿಲ್ಲದ ವೆಟ್ ಗ್ರೈಂಡರ್ ಇದೆ, ಗ್ರೈಂಡರಿಲ್ಲದ ಕಲ್ಲೂ ಇದೆ; ಒಂದಕ್ಕೊಂದು ಕೂಡುವುದಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅಲ್ಲಿ ಹುಟ್ಟಿದ ಯೆಜ್ಡಿಯೊಂದು ಎಂಜಿನ್ನಿಲ್ಲದೆ ಗೋಡೆಗೊರಗಿ ಇವರನ್ನೇ ನಂಬಿ ನಿಂತಿದೆ. ಅದನ್ನು ತಂದಾಗ ಕೊಟ್ಟ ಕಾರಣ, "ನಿಮ್ಮೂರ ಕಡೆಯದು, ಅದಕ್ಕೇ ತಗೊಂಡೆ." ಚಾಮರಾಜನಗರದವನಾದ ನನ್ನ ಮೇಲೆ ಆ ಋಣವೂ ಬಿತ್ತು.

ತಪ್ಪು ಅವರೊಬ್ಬರದೇ ಅಲ್ಲ, ಊರಿನದೂ ಇದೆ. ಪೈಕಾರದಿಂದ 1930ರ ದಶಕದಲ್ಲಿ ಕರೆಂಟು ಬಂದು ಮಿಲ್ಲುಗಳು ಎದ್ದ ಮೇಲೆ ಕೊಯಮತ್ತೂರು ಮೋಟಾರು, ಪಂಪು, ಫೌಂಡ್ರಿಗಳ ಊರಾಯಿತು. ಇಲ್ಲಿ ಸಂದಿಗೊಂದು ಲೇತ್ ಮೆಷೀನು. ಬೇರೆ ಊರಿನ ಮೆಕ್ಯಾನಿಕ್ಕುಗಳು ತಲೆಯಾಡಿಸಿ "ಇನ್ನು ಆಗಲ್ಲ ಸಾರ್" ಅಂದು ಕುಟುಂಬಗಳನ್ನು ಕಾಪಾಡುತ್ತಾರೆ. ಇಲ್ಲಿ ಆ ಮಾತಾಡುವವನೇ ಸಿಗುವುದಿಲ್ಲ. "ಪಾರ್ಟ್ ಸಿಗಲ್ಲ ಅಣ್ಣಾ, ಆದ್ರೆ ಕಡೆದು ಕೊಡ್ತೀನಿ" ಅನ್ನುತ್ತಾರೆ. ಮೇಲಾಗಿ ಈ ಊರಿಗೊಬ್ಬ ಮೂಲಪುರುಷರಿದ್ದಾರೆ, ಜಿ.ಡಿ. ನಾಯ್ಡು. 1893ರಲ್ಲಿ ಕಲಂಗಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಬ್ರಿಟಿಷ್ ಅಧಿಕಾರಿಯೊಬ್ಬನ ಮೋಟಾರ್‌ಸೈಕಲ್ ಕಂಡು ಮರುಳಾಗಿ, ಅದಕ್ಕಾಗಿ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿ ದುಡ್ಡು ಕೂಡಿಸಿ ಗಾಡಿ ಕೊಂಡು, ಪೂರ್ತಿ ಬಿಚ್ಚಿ ನೋಡಿದವರು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದು ಬಸ್ಸು ಓಡಿಸಲು ಶುರುಮಾಡಿ ದೊಡ್ಡ ಸಾರಿಗೆ ಕಂಪನಿಯನ್ನೇ ಕಟ್ಟಿದರು. ವಿದ್ಯುತ್ ಮೋಟಾರು, ಶೇವಿಂಗ್ ರೇಜರ್ ಏನೆಲ್ಲ ಮಾಡಿದರು. ಅಕ್ಕ ಗದರಿದಾಗಲೆಲ್ಲ ಭಾವ ಈ ಪುಣ್ಯಕಥೆಯ ಮೊದಲ ಅಧ್ಯಾಯ ಓದುತ್ತಾರೆ: "ನಾಯ್ಡೂನೂ ಹಿಂಗೇ ಬಿಚ್ಚಿದ್ದು."

"ಅವರು ಮತ್ತೆ ಜೋಡಿಸಿದರು ಭಾವ" ಅಂತ ನಾನೊಮ್ಮೆ ಅಂದೆ. ಆ ದಿನ ಊಟಕ್ಕೆ ಕೂತಾಗ ಮಾತಾಡಲಿಲ್ಲ.

ದೋಣಿಯ ಕಥೆಗೆ ಬರುತ್ತೇನೆ. ಆಲಪ್ಪುಳದಲ್ಲಿ ಸ್ನೇಹಿತನ ಮಗಳ ಮದುವೆ. ಎಲ್ಲರೂ ಪಾಯಸ ಉಂಡು ಬಂದರು, ಭಾವ ದೋಣಿ ಕೊಂಡು ಬಂದರು. ಅಂಜಿಲಿ ಮರದ್ದು, ಅಂದರೆ ನಮ್ಮ ಹೆಬ್ಬಲಸು. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಹಳೆಯ ವಳ್ಳಂ. ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿದರಂತೆ. ಲಾರಿ ಬಾಡಿಗೆ ದೋಣಿಗಿಂತ ಹೆಚ್ಚಾಯಿತು ಎಂಬುದನ್ನು ಅಕ್ಕನಿಗೆ ಹೇಳಬಾರದೆಂದು ನನಗೆ ಹೇಳಿದರು. ಅಕ್ಕ ಅದಾಗಲೇ ಡ್ರೈವರಿನಿಂದ ತಿಳಿದು ನನಗೆ ಹೇಳಿದ್ದಳು.

ಇದನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿದೆ. ಭಾವನ ಬಳಿ ಮೂರು ಜಲಮಾರ್ಗಗಳಿದ್ದವು. ಮೊದಲನೆಯದು ಮನೆ ಹತ್ತಿರದ ಕೆರೆ. ಅದು ಸರ್ಕಾರದ್ದು, ಅಲ್ಲಿ ಕಳೆಯ ನಡುವೆ ಹಕ್ಕಿಗಳಿಗೆ ಮಾತ್ರ ಅನುಮತಿ. ಎರಡನೆಯದು ಉಡುಮಲೈ ಆಚೆಯ ಅಮರಾವತಿ ಜಲಾಶಯ. ಅಲ್ಲಿ ನೀರಿದೆ, ಮೊಸಳೆಗಳೂ ಇವೆ. ಹೊಲಿಗೆ ಹಾಕಿದ ದೋಣಿಯಲ್ಲಿ ಕೂತು ಮೊಸಳೆಯ ಮುಖ ನೋಡುವ ಧೈರ್ಯ ನನಗಿಲ್ಲ ಎಂದೆ. ಮೂರನೆಯದು ನೊಯ್ಯಲ್ ಹೊಳೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರು ದಾಟಿ ತಿರುಪ್ಪೂರಿನ ನಡುವೆಯೇ ಹಾಯುತ್ತದೆ. ನಾನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು. "ಮಳೆಗಾಲಕ್ಕೆ ನೇರ ನಿನ್ನ ಮನೆಗೇ ಬರ್ತೀನಿ ಮಚ್ಚಾ. ಟೋಲೂ ಇಲ್ಲ, ಟ್ರಾಫಿಕ್ಕೂ ಇಲ್ಲ" ಅಂದರು. ನೊಯ್ಯಲಿನಲ್ಲಿ ಮಳೆ ಬಂದ ನಾಲ್ಕು ದಿನ ಬಿಟ್ಟರೆ ಉಳಿದಂತೆ ಹರಿಯುವುದು ಹೆಚ್ಚಾಗಿ ಎರಡೂ ಊರುಗಳ ಕೊಳಚೆ. ಡೈಯಿಂಗ್ ಘಟಕಗಳ ನೀರು ಸೇರುತ್ತಿದ್ದ ಕಾಲದಲ್ಲಿ ಈ ಸೀಸನ್ನಿನ ಟೀ ಶರ್ಟು ಯಾವ ಬಣ್ಣವೆಂದು ಹೊಳೆ ನೋಡಿ ಹೇಳಬಹುದಿತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟು ಆ ಘಟಕಗಳನ್ನೆಲ್ಲ ಮುಚ್ಚಿಸಿ, ಒಂದು ತೊಟ್ಟೂ ಹೊರಬಿಡದ ವ್ಯವಸ್ಥೆ ಮಾಡಿಕೊಂಡು ತೆರೆಯಿರಿ ಅಂದ ಮೇಲೆ ಬಣ್ಣ ಕಡಿಮೆಯಾಯಿತು. ಅಂದಮಾತ್ರಕ್ಕೆ ಅದು ಆಲಪ್ಪುಳವಾಗಲಿಲ್ಲ.

ಇವೆಲ್ಲ ಸಹಿಸಬಹುದು. ಭಾವನಂಥವರಲ್ಲಿ ನಾನು ಸಹಿಸಲಾರದ್ದು ಒಂದೇ. ಅವರಿಗೆ ಯಾವ ಕೆಲಸ ಮಾಡುವಾಗಲೂ ಎದುರಿಗೊಬ್ಬ ಹಿಡಿದುಕೊಳ್ಳುವವನು ಬೇಕು. ಟಾರ್ಚು ಹಿಡಿಯಬೇಕು, ಏಣಿ ಹಿಡಿಯಬೇಕು, ವೈರಿನ ತುದಿ ಹಿಡಿಯಬೇಕು. "ಸ್ವಲ್ಪ ಹಿಡ್ಕೊ ಮಚ್ಚಾ, ಒಂದ್ನಿಮಿಷ." ಬಲ್ಬು ಹಾಕಲೂ ಬಾರದ ನನಗೆ ಈ ಕೆಲಸಕ್ಕೆ ಬೇಕಾದ ಅರ್ಹತೆಯೆಲ್ಲ ಇದೆ, ಎರಡು ಕೈ.

ಒಂದು ಭಾನುವಾರ ಅಕ್ಕನ ಕೈಯ ಹುರುಳಿ ಬಸ್ಸಾರಿನ ಆಸೆಗೆ ರೈಲು ಹತ್ತಿ ಹೋದೆ. ಚಪ್ಪಲಿ ಬಿಡುವ ಮೊದಲೇ ಅಂಗಳದಿಂದ ಕೂಗು ಬಂತು. ದೋಣಿಯ ಒಳಗೊಂದು ಅಡ್ಡಪಟ್ಟಿ ಸೀಳಿತ್ತು, ಅದಕ್ಕೆ ಅಂಟು ಬಳಿದಿದ್ದರು. ಎರಡೂ ಕೈಯಿಂದ ಅದುಮಿ ಹಿಡಿಯಬೇಕು, ಅಷ್ಟರಲ್ಲಿ ಬೋಲ್ಟಿಗೊಂದು ನಟ್ಟು ತರುತ್ತೇನೆ ಅಂತ ಹೋದರು. ನಾನು ದೋಣಿಯೊಳಗೆ ಕುಕ್ಕರುಗಾಲಲ್ಲಿ ಕೂತೆ. ಬೀದಿಯಲ್ಲಿ ಹೋಗುವವರಿಗೆ ನನ್ನ ತಲೆ ಮಾತ್ರ ಕಾಣುತ್ತಿತ್ತು. ಕೊರಿಯರ್ ಹುಡುಗ ಬಂದು ಸೈನ್ ಮಾಡಿ ಅಂದ. ಕೈ ಖಾಲಿಯಿಲ್ಲ ಅಂದೆ. ನಂಬದೆ ಬಗ್ಗಿ ನೋಡಿ, ಅಯ್ಯೋ ಪಾಪ ಅಂದ. ಪಕ್ಕದ ಮನೆಯ ಹುಡುಗರು ಇನ್ನೊಂದು ತುದಿಯಲ್ಲಿ ಕೂತು ಕ್ರಿಕೆಟ್ ಬ್ಯಾಟಿನಿಂದ ಹುಟ್ಟು ಹಾಕತೊಡಗಿದರು. ಅಕ್ಕ ಕಾಫಿ ತಂದು, ಲೋಟವನ್ನು ತಾನೇ ನನ್ನ ಬಾಯಿಗಿಟ್ಟು, "ಬಿಟ್ಬಿಡೋ" ಅಂದಳು. ಬಿಟ್ಟರೆ ಅಂಟು ಬಿಡುತ್ತದಲ್ಲ! ಬಿಸಿಲು ದೋಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಕೊನೆಗೊಮ್ಮೆ ಆಟೋ ಬಂತು. ಅದರಿಂದ ಭಾವನೂ ತುಕ್ಕು ಹಿಡಿದ ಒಂದು ಚೈನ್ ಬ್ಲಾಕೂ ಇಳಿದವು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಯಾರೋ ಉಕ್ಕಡಂನಲ್ಲಿ ಅಗ್ಗಕ್ಕೆ ಇದೆ ಅಂದನಂತೆ. ನಟ್ಟು ತಂದಿರಲಿಲ್ಲ. ನನ್ನನ್ನು ಕಂಡು ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು: "ಇನ್ನೂ ಹಿಡ್ಕೊಂಡೇ ಇದೀಯಾ? ಒಂದು ಹಗ್ಗದಲ್ಲಿ ಕಟ್ಟಿದ್ರೆ ಆಗ್ತಿತ್ತಲ್ಲ!"

ರೈಲಿನಲ್ಲಿ ವಾಪಸು ಬರುವಾಗ ಸಿಟ್ಟು ಇಳಿಯುತ್ತ ನನಗೊಂದು ಹೊಳೆಯಿತು. ಭಾವನವರು ದೇವಾಂಗರು, ತಲೆಮಾರುಗಳ ಹಿಂದೆ ಇತ್ತ ಬಂದು ನೆಲೆಸಿ, ಮನೆಯೊಳಗಿನ ಕನ್ನಡವನ್ನು ಮಗ್ಗದ ಜೊತೆಗೇ ಉಳಿಸಿಕೊಂಡವರು. ಅವರ ತಂದೆ ಗುಂಡಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನೇಕಾರರ ಬೀದಿಯಲ್ಲಿ ಬೆಳಗಿನ ಹೊತ್ತು ಉದ್ದಕ್ಕೂ ಹಾಸು ಚಾಚಿ ಗಂಜಿ ಹಚ್ಚುವಾಗ ಒಬ್ಬನ ಕೈಲಿ ಏನೂ ಆಗುವುದಿಲ್ಲ. ಆ ತುದಿಗೊಬ್ಬ, ಈ ತುದಿಗೊಬ್ಬ, ನಡುವೆ ಮಕ್ಕಳು. ಇವರೂ ಹಿಡಿದುಕೊಂಡೇ ಬೆಳೆದವರು. ಪವರ್‌ಲೂಮು ಬಂತು, ಮಗ್ಗ ಸೌದೆಯಾಯಿತು. ಈಗ ನಾವೆಲ್ಲ ಒಬ್ಬೊಬ್ಬರೇ ಮಾಡುವ ಕೆಲಸಗಳಿಗೆ ಬಂದಿದ್ದೇವೆ, ಆ ತುದಿಯಲ್ಲಿ ಯಾರೂ ಬೇಡ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಕರೆದು ಹಿಡ್ಕೊ ಅನ್ನುವುದು ಎಂಥ ದೊಡ್ಡ ಸಂಗತಿ, ಎಂದೆಲ್ಲ ಅನ್ನಿಸಿ ಅಕ್ಕನಿಗೆ ಫೋನು ಮಾಡಿ ಹೇಳಿದೆ.

"ಅದೆಲ್ಲ ಏನಿಲ್ಲ" ಅಂದಳು ಅಕ್ಕ. "ಅರ್ಧ ಬೆಲೆಗೆ ಬಂತಲ್ಲ, ಅದಕ್ಕೆ ತಂದಿದಾರೆ."

ಆಯುಧಪೂಜೆಗೆ ದೋಣಿಗೂ ಕುಂಕುಮ, ಬಾಳೆಕಂದು. ಗಾಡಿಗಳ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಪಟಪಟ ಒಡೆದವು. ದೋಣಿಯ ಮುಂದಿಟ್ಟದ್ದು ಹಾಗೇ ಒಣಗಿತು. ಮಾರ್ಚಿ ಬರುವಷ್ಟರಲ್ಲಿ ದೋಣಿಯೂ ಒಣಗಿ, ಹಲಗೆಗಳು ಕುಗ್ಗಿ, ಸಂದುಗಳಲ್ಲಿ ಬೀದಿ ಕಾಣತೊಡಗಿತು. ಆಗ ದಾರಿ ತೋರಿಸಿದವರು ಎದುರುಮನೆಯ ಅಮ್ಮಚ್ಚಿ. ಕುಟ್ಟನಾಡಿನಲ್ಲಿ ದೋಣಿಯಲ್ಲೇ ಸ್ಕೂಲಿಗೆ ಹೋಗಿ ಬಂದವರು. ಹಲಗೆಯ ಮೇಲೆ ಬೆರಳಿನಿಂದ ತಟ್ಟಿ, ಹೊಲಿಗೆ ಸವರಿ, ಇದಕ್ಕೆ ಬೇಕಾದ್ದು ಅಂಟೂ ಅಲ್ಲ ಬೋಲ್ಟೂ ಅಲ್ಲ, ನೀರು ಅಂದರು. ನಮ್ಮ ಕಡೆ ಬಳಸದ ದೋಣಿಯನ್ನು ನೀರಲ್ಲಿ ಮುಳುಗಿಸಿಯೇ ಇಡುತ್ತೇವೆ. ಒಳಗೆ ನೀರು ತುಂಬು, ಮರ ಉಬ್ಬಿ ಸಂದು ತಾನೇ ಮುಚ್ಚುತ್ತದೆ. ಜೀವಮಾನದಲ್ಲಿ ಯಾರ ಮಾತಿಗೂ ಸುಮ್ಮನಿರದ ಭಾವ ಕೈಕಟ್ಟಿ ಕೇಳಿದರು.

ಕೊಯಮತ್ತೂರಿನ ಏಪ್ರಿಲ್ಲಿನಲ್ಲಿ ದೋಣಿಗೆ ನೀರು! ಶಿರುವಾಣಿಯ ನೀರಿನ ರುಚಿಗೆ ಸಾಟಿಯಿಲ್ಲವೆಂದು ಊರೆಲ್ಲ ಹೆಮ್ಮೆಪಡುತ್ತದೆ. ಬೇಸಿಗೆಯಲ್ಲಿ ಆ ಹೆಮ್ಮೆಯನ್ನೇ ಕೊಡದಲ್ಲಿ ಹಿಡಿದಿಡಬೇಕು. ಭಾವ ಟ್ಯಾಂಕರ್ ತರಿಸಿದರು. ಪೈಪು ಹಿಡಿದವನು ಯಾರೆಂದು ಹೇಳಬೇಕಿಲ್ಲ. ತುಂಬಿದ್ದೆಲ್ಲ ಸೋರಿತು, ಮತ್ತೆ ತುಂಬಿದೆವು. ಬೀದಿಯ ತೆಂಗಿನಮರಗಳಿಗೆ ಆ ಬೇಸಿಗೆ ಸುಖವಾಗಿ ಕಳೆಯಿತು. ಆಮೇಲೆ ನಿಜಕ್ಕೂ ಮರ ಉಬ್ಬಿ ಸಂದು ಮುಚ್ಚಿತು. ದೋಣಿ ಒಂದು ಹನಿಯನ್ನೂ ಹೊರಬಿಡದೆ ತುಂಬಿ ನಿಂತಿತು. ಬರಿದು ಮಾಡಿದರೆ ಮತ್ತೆ ಬಿರಿಯುತ್ತದೆ, ಹಾಗಾಗಿ ಈಗ ಬರಿದು ಮಾಡುವಂತಿಲ್ಲ.

ಡೆಂಗ್ಯೂ ತಪಾಸಣೆಗೆ ಮನೆಮನೆ ಬರುವ ಹೆಣ್ಣುಮಗಳು ಇದನ್ನು ಎರಡು ಸಲ ಸುತ್ತಿದಳು. ನಿಂತ ನೀರಿಗೆ ಮುಚ್ಚಳ ಬೇಕು, ಇಲ್ಲವೇ ಮೀನು ಬಿಡಿ ಅಂದಳು. ಭಾವ ಗಪ್ಪಿ ಮೀನು ತಂದು ಬಿಟ್ಟರು. ಅವು ಸಂಸಾರ ಬೆಳೆಸಿವೆ. ದಿನವೂ ಸಂಜೆ ಅಮ್ಮಚ್ಚಿ ಬಂದು ಅನ್ನದ ಅಗುಳು ಹಾಕುತ್ತಾರೆ, ಭಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಟ್ಟನಾಡಿನ ಪ್ರವಾಹದ ಕಥೆ ಕೇಳುತ್ತಾರೆ. ನಾನೂ ಒಂದೆರಡು ಸಲ ಕೇಳಿದೆ, ಚೆನ್ನಾಗಿಯೇ ಇತ್ತು.

ಹೋದ ವಾರ ಭಾವ ಫೋನು ಮಾಡಿದ್ದರು. ಹಳೆಯ ಔಟ್‌ಬೋರ್ಡ್ ಎಂಜಿನ್ನೊಂದು ಸಿಕ್ಕಿದೆಯಂತೆ, ಮೂರನೇ ಒಂದು ಬೆಲೆಗೆ. ಬಾಡಿ ಗಟ್ಟಿ ಇದೆಯಂತೆ. ಆದರೆ ಅದನ್ನು ಒಣಗಿನಲ್ಲಿ ಸ್ಟಾರ್ಟ್ ಮಾಡುವಂತಿಲ್ಲ. ಕೂಲಿಂಗಿಗೆ ನೀರು ಎಳೆಯಬೇಕು, ಕೆಳಭಾಗ ಮುಳುಗುವಷ್ಟು ನೀರಿರುವ ತೊಟ್ಟಿಯಲ್ಲಿ ಇಳಿಬಿಟ್ಟೇ ಟೆಸ್ಟ್ ಮಾಡಬೇಕು.

"ಅಷ್ಟು ದೊಡ್ಡ ತೊಟ್ಟಿ ಎಲ್ಲಿದೆ ಭಾವ?"

"ಯಾಕೆ, ದೋಣಿ ಇಲ್ವಾ? ಮೀನನ್ನ ಬಕೆಟ್ಟಿಗೆ ಹಾಕಿದ್ರಾಯ್ತು. ಅಲ್ಲೊಬ್ಬ ಎಂಜಿನ್ನು ಹಿಡ್ಕೊಳ್ಳೋನು ಇದ್ರೆ ಸಾಕು."